ಕ್ಯಾಲಿಪರ್ ಆಮೇಲೆ, ಮೊದಲು ಬ್ರೇಕ್ ಆಯಿಲ್

ನನ್ನ ಊರು ಮಲ್ಪೆ. ಕೆಲಸ ಚೆನ್ನೈಯಲ್ಲಿ. ಇಲ್ಲಿಗೆ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ 3.7 ಕಿ.ಮೀ. ಉದ್ದದ ರೇಸ್ ಟ್ರ್ಯಾಕ್ ಇದೆ. ಟ್ರ್ಯಾಕ್ ಡೇ ಇದ್ದಾಗ ನಮ್ಮ ಕಾರನ್ನೇ ಓಡಿಸಬಹುದು. ಕಳೆದ ವರ್ಷ ನನ್ನ ಎಲೆಕ್ಟ್ರಿಕ್ ಕಾರಿಗೆ ರಾತ್ರಿಯಿಡೀ ಚಾರ್ಜ್ ಹಾಕಿ, ಪೂರ್ತಿ ತುಂಬಿಸಿಕೊಂಡು ಹೋದೆ. ನಾಲ್ಕನೇ ಸುತ್ತಿನಲ್ಲಿ ಬ್ರೇಕ್ ಪೆಡಲ್ ಒದ್ದೆ ಸ್ಪಂಜಿನ ಹಾಗೆ ಒಳಗೆ ಹೋಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ಹಿಡಿಯಿತು.

ಚೆನ್ನೈ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: ದೊಡ್ಡ ಡಿಸ್ಕ್, ಅದಕ್ಕೆ ಪ್ಯಾಡ್ ಒತ್ತಿ ಹಿಡಿಯುವ ಆರು ಪಿಸ್ಟನ್ ಕ್ಯಾಲಿಪರ್ ಹಾಕಿಸು. ಹಬ್ಬಕ್ಕೆ ಊರಿಗೆ ಬಂದಾಗ ಸಂತೆಕಟ್ಟೆಯ ಗ್ಯಾರೇಜಿನ ಅಣ್ಣನಿಗೆ ಇದನ್ನು ಹೇಳಿದೆ. ಅವರು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಹಾಕಿದರು. ಒಳಗೆ ಕಟ್ಟಾ ಚಹಾದ ಬಣ್ಣ. "ಇದು ನೀರು ಕುಡಿದಿದೆ ಮಾರಾಯ್ರೆ. ಮೊದಲು ಇದನ್ನು ಬದಲಿಸುವ, ಕ್ಯಾಲಿಪರ್ ವಿಷಯ ಮತ್ತೆ ಮಾತಾಡುವ."

ನನಗೆ ಈ ರೀತಿಯೇ ಸರಿ ಅನಿಸುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು. ತೇವ ಹೀರಿದ ಆಯಿಲ್‌ಗೆ ಆ ಮಿತಿ ಬರೀ 155. ಡಾಟ್ 5.1ಕ್ಕೆ ಇವೇ ಅಂಕಿಗಳು 260 ಮತ್ತು 180. ಆಯಿಲ್ ಕುದಿದರೆ ಪೈಪಿನೊಳಗೆ ಆವಿ ಕಟ್ಟುತ್ತದೆ, ಒತ್ತಿದರೆ ಆವಿ ಕುಗ್ಗುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಎಷ್ಟು ದೊಡ್ಡ ಕ್ಯಾಲಿಪರ್ ಇದ್ದರೂ ಹಳೆ ಆಯಿಲ್ ಕುದಿದರೆ ಗತಿ ಅದೇ.

ಎಲೆಕ್ಟ್ರಿಕ್ ಕಾರಿನಲ್ಲಿ ಇನ್ನೊಂದು ವಿಷಯ ಉಂಟು. ಆಗುಂಬೆ ಘಾಟಿ ಇಳಿಯುವಾಗ ರೀಜೆನ್ (ಮೋಟರೇ ಕಾರನ್ನು ನಿಧಾನ ಮಾಡಿ ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುವುದು) ಒಂದೇ ಸಾಕು, ಬ್ರೇಕ್ ಮುಟ್ಟುವುದೇ ಅಪರೂಪ. ಹಾಗಾಗಿ ಊರಲ್ಲಿ "ಇದರ ಪ್ಯಾಡ್ ಸವೆಯುವುದೇ ಇಲ್ಲ" ಅನ್ನುತ್ತಾರೆ. ಘಾಟಿಗೆ ಅದು ನಿಜ. ಆದರೆ ಬ್ಯಾಟರಿ ತುಂಬಿದ್ದರೆ ಕರೆಂಟ್ ವಾಪಸ್ ಹೋಗಲು ಜಾಗವಿಲ್ಲ. ಬ್ಯಾಟರಿ ತುಂಬಾ ಬಿಸಿಯಾದರೂ ರೀಜೆನ್ ಕಡಿಮೆ. ಆಗ ಭಾರವೆಲ್ಲ ಪ್ಯಾಡಿನ ಮೇಲೆ. 1,800 ಕಿಲೋ ಕಾರನ್ನು ಗಂಟೆಗೆ 150 ಕಿ.ಮೀ. ವೇಗದಿಂದ 60ಕ್ಕೆ ಇಳಿಸಿದರೆ ಹುಟ್ಟುವ ಬಿಸಿಯಲ್ಲಿ ನಾಲ್ಕು ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಅದೂ ಕೆಲವೇ ಸೆಕೆಂಡಿನಲ್ಲಿ, ಪ್ರತಿ ಸುತ್ತಿನಲ್ಲೂ ಮತ್ತೆ ಮತ್ತೆ.

ಆಯಿಲ್ ಆದ ಮೇಲೆ ಪ್ಯಾಡ್. ಟ್ರ್ಯಾಕ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ, ಕಿರುಚುತ್ತದೆ ಕೂಡ. ಮಲ್ಪೆ ರಸ್ತೆಯಲ್ಲಿ ಮೀನಿನ ಟೆಂಪೋ ಹಿಂದೆ ಹೋಗಲು ಮಾಮೂಲಿ ಪ್ಯಾಡೇ ಬೇಕು. ಡಿಸ್ಕ್ ಬದಲಿಸುವುದಾದರೆ ತೂತು ಕೊರೆದದ್ದು ಬೇಡ, ಬಿಸಿಗೆ ಬಿರುಕು ಬಿಡುತ್ತದೆ. ದೊಡ್ಡ ಕ್ಯಾಲಿಪರ್‌ಗೆ ಎಷ್ಟೋ ಸಲ ವೀಲೂ ದೊಡ್ಡದು ಬೇಕು, ಅದರಿಂದ ಭಾರ ಜಾಸ್ತಿ. ಇಷ್ಟೆಲ್ಲ ಮಾಡಿದ ಮೇಲೂ ಸಾಲದಿದ್ದರೆ ಮಾತ್ರ ಅದಕ್ಕೆ ದುಡ್ಡು ಹಾಕಿ.

ನಮ್ಮೂರಿನವರಿಗೂ ಒಂದು ಮಾತು. ರೀಜೆನ್ ನಂಬಿ ಬ್ರೇಕ್ ಮರೆಯಬೇಡಿ. ಮಳೆಗಾಲದಲ್ಲಿ ಎರಡು ದಿನ ನಿಲ್ಲಿಸಿದ ಕಾರಿನ ಡಿಸ್ಕ್ ನೋಡಿ, ಕೇಸರಿ ಪುಡಿ ಬಳಿದ ಹಾಗೆ ತುಕ್ಕು. ಉಪ್ಪುಗಾಳಿಗೆ ಕ್ಯಾಲಿಪರ್ ಪಿನ್ ಕೂಡ ಜಾಮ್ ಆಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಗ್ರೀಸ್ ಹಾಕಿಸಿ. ಇಂಥ ತಪಾಸಣೆಯಲ್ಲಿ ನನ್ನ ಚೆನ್ನೈ ಗೆಳೆಯರು ಎಷ್ಟೋ ಮುಂದಿದ್ದಾರೆ.

ಮುಂದಿನ ಸಲ ಟ್ರ್ಯಾಕಿಗೆ 80 ಪರ್ಸೆಂಟ್ ಚಾರ್ಜಿನಲ್ಲಿ ಹೋದೆ. ಹೊಸ ಆಯಿಲ್, ಹೊಸ ಪ್ಯಾಡ್, ಹಳೇ ಕ್ಯಾಲಿಪರ್. ಆರನೇ ಸುತ್ತಿಗೂ ಪೆಡಲ್ ಗಟ್ಟಿಯಾಗಿತ್ತು. ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನವಾಗಿ ಬಂದೆ. ಕಾದ ಡಿಸ್ಕಿಗೆ ಪ್ಯಾಡ್ ಅಂಟಬಾರದು ಅಂತ ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದೆ.