ಕನಿಕರ ನಿಲ್ಲುವ ಜಾಗ

ಇಂಗ್ಲಿಷ್ ಕಲಿಯುವವರನ್ನು ಸುಲಭವಾಗಿ ಎಡವಿಸುವ ಪದ 'ಪಿಟಿ'. ನಿಘಂಟು ತೆಗೆದರೆ ಕನಿಕರ, ಮರುಕ, ಅನುಕಂಪ ಅಂತ ಇರುತ್ತದೆ. ಅದನ್ನು ನಂಬಿಕೊಂಡು, ಕಷ್ಟದಲ್ಲಿರುವ ಗೆಳೆಯನಿಗೆ ಒಳ್ಳೆಯ ಮನಸ್ಸಿನಿಂದಲೇ 'ಐ ಪಿಟಿ ಯು' ಅಂದುಬಿಡುತ್ತಾರೆ. ಕೇಳಿದವನಿಗೆ ಅದು ಚುಚ್ಚುತ್ತದೆ. 'ಅಯ್ಯೋ, ನಿನ್ನ ಹಣೆಬರಹವೇ ಇಷ್ಟು' ಅನ್ನುವ ಧಾಟಿ ಆ ಮಾತಿಗಿದೆ. ಜಗಳದ ಕೊನೆಗೆ ಎದುರಾಳಿಯ ಮುಖಕ್ಕೆ ಎಸೆಯುವ ಮಾತು ಅದು. 'ಐ ಆಮ್ ಸಾರಿ' ಅಂದಿದ್ದರೆ ಸಾಕಿತ್ತು.

ಅದೇ ಪದ 'ವಾಟ್ ಎ ಪಿಟಿ' ಆದಾಗ ಪೂರ್ತಿ ನಿರಪಾಯ. ರೈಲು ತಪ್ಪಿತು, ಮಳೆ ಬಂದು ಆಟ ನಿಂತಿತು, ಕರೆದವರು ಬರಲಿಲ್ಲ, ಎಲ್ಲದಕ್ಕೂ ನಡೆಯುತ್ತದೆ. 'ಛೆ, ಹೀಗಾಗಬಾರದಿತ್ತು' ಅಂದಷ್ಟೇ. ಇದರ ಬೇರು ಲ್ಯಾಟಿನ್ನಿನ 'ಪಿಯೆಟಾಸ್', ಅಂದರೆ ದೇವರಿಗೆ, ಹೆತ್ತವರಿಗೆ, ನಾಡಿಗೆ ತೋರಬೇಕಾದ ನಿಷ್ಠೆ. ಅಷ್ಟು ಗೌರವದ ಮನೆಯಲ್ಲಿ ಹುಟ್ಟಿದ ಪದ ಒಬ್ಬರ ಮುಖಕ್ಕೆ ಹೇಳಿದಾಗ ಯಾಕೆ ಬೈಗುಳವಾಗುತ್ತದೆ?

ನನ್ನ ಪ್ರಕಾರ ಕಾರಣ ಪದದಲ್ಲಿಲ್ಲ, ಕನಿಕರದಲ್ಲೇ ಇದೆ. ಅದಕ್ಕೆ ಸ್ವಲ್ಪ ದೂರ ಬೇಕು.

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಕಥೆಯೊಂದಿದೆ. ಕ್ರಿ.ಪೂ. 525ರಲ್ಲಿ ಪರ್ಷಿಯಾದ ಕ್ಯಾಂಬಿಸಿಸ್ ಈಜಿಪ್ಟ್ ಗೆದ್ದ. ಸೋತ ರಾಜನನ್ನು ಕೂರಿಸಿ, ಅವನ ಮಗಳಿಗೆ ಗುಲಾಮರ ಬಟ್ಟೆ ತೊಡಿಸಿ ಅವನೆದುರೇ ನೀರು ತರಲು ಕಳಿಸಿದರು. ರಾಜ ನೆಲ ನೋಡಿದ. ಮಗನನ್ನು ಕೊಲ್ಲಲು ಕರೆದೊಯ್ದರು. ಆಗಲೂ ನೆಲ ನೋಡಿದ, ಅಷ್ಟೇ. ಆಮೇಲೆ ಅವನ ಹಳೆಯ ಸ್ನೇಹಿತನೊಬ್ಬ, ಎಲ್ಲ ಕಳೆದುಕೊಂಡ ಮುದುಕ, ಸೈನಿಕರ ಹತ್ತಿರ ಭಿಕ್ಷೆ ಬೇಡುತ್ತಾ ಬಂದ. ಆಗ ರಾಜ ತಲೆ ಚಚ್ಚಿಕೊಂಡು ಅತ್ತ. ಯಾಕೆ ಅಂತ ಕೇಳಿದ್ದಕ್ಕೆ, ಮನೆಯ ದುಃಖ ಅಳುವುದಕ್ಕೂ ಮೀರಿದ್ದು, ಸ್ನೇಹಿತನ ಕಷ್ಟಕ್ಕೆ ಕಣ್ಣೀರು ಸಲ್ಲುತ್ತದೆ ಎಂದನಂತೆ.

ಅರಿಸ್ಟಾಟಲ್ ಕೂಡ ಹೆಚ್ಚುಕಡಿಮೆ ಇದೇ ಹೇಳುತ್ತಾನೆ. ತೀರಾ ಹತ್ತಿರದವರಿಗೆ ಏನಾದರೂ ಆದರೆ ನಮಗೆ ಹುಟ್ಟುವುದು ಕನಿಕರವಲ್ಲ, ದಿಗಿಲು. ಅವನ ಇನ್ನೊಂದು ಮಾತು ನನಗೆ ಜಾಸ್ತಿ ಮುಖ್ಯ. ಇದು ನನಗೂ ಆಗಬಹುದು ಅಂತ ಅನ್ನಿಸಿದವರಿಗೆ ಮಾತ್ರ ಕನಿಕರ ಹುಟ್ಟುತ್ತದೆ, ತನಗೇನೂ ಆಗದು ಅಂದುಕೊಂಡವರಿಗೆ ಹುಟ್ಟುವುದಿಲ್ಲ. ನಾವು ಕಳೆದುಕೊಂಡಿರುವುದು ಇದನ್ನೇ. 'ಪಾಪ' ಅನ್ನುವಾಗ ಎಷ್ಟೋ ಸಲ ಒಳಗೆ 'ಸದ್ಯ, ನನಗಾಗಲಿಲ್ಲವಲ್ಲ' ಅನ್ನುವ ನೆಮ್ಮದಿ ಇರುತ್ತದೆ. ಆಗ ಆ ದೂರ ಎತ್ತರವಾಗುತ್ತದೆ. ಮೇಲೆ ನಿಂತವರ ಮಾತು ಕೆಳಗಿದ್ದವರಿಗೆ ಬಹಳ ಬೇಗ ಗೊತ್ತಾಗುತ್ತದೆ, ಅಲ್ವಾ?

ನನ್ನ ಗೆಳತಿಯೊಬ್ಬಳು ದೊಡ್ಡ ಕಾಯಿಲೆಯಿಂದ ಎದ್ದಿದ್ದಳು. ನೋಡಲು ಬಂದವರೊಬ್ಬರು ಬಾಗಿಲಲ್ಲೇ ನಿಂತು, ಅವಳ ಸೊರಗಿದ ಕೈ ನೋಡಿ 'ಅಯ್ಯೋ ದೇವರೇ, ಹೇಗಿದ್ದವಳು ಹೇಗಾಗಿ ಹೋದೆ!' ಅಂತ ಕಣ್ಣೊರೆಸಿಕೊಂಡರು. ಅವಳೇ ದಿಂಬು ಸರಿಸಿ, ಕಷ್ಟಪಟ್ಟು ಎದ್ದು ಕೂತು, 'ಈಗ ಪರವಾಗಿಲ್ಲ ಆಂಟಿ, ಅಳಬೇಡಿ' ಅಂತ ಅವರಿಗೆ ಸಮಾಧಾನ ಹೇಳಿದಳು. ಅವರು ಕೆಟ್ಟವರಲ್ಲ, ನಿಜಕ್ಕೂ ನೊಂದುಕೊಂಡಿದ್ದರು. ಆದರೆ ಅಷ್ಟು ಹೊತ್ತೂ ನಡೆದದ್ದು ಅವರ ದುಃಖದ ಉಪಚಾರ. ರಾತ್ರಿ ನಿದ್ದೆ ಬರುತ್ತಾ, ಏನಾದರೂ ತಂದುಕೊಡಲಾ, ಸುಮ್ನೆ ಕೂತಿರಲಾ ಅಂತ ಒಂದು ಮಾತೂ ಬರಲಿಲ್ಲ.

ಇದು ಒಬ್ಬರ ಮನೆಯ ವಿಷಯವಷ್ಟೇ ಅಲ್ಲ. 1992ರಲ್ಲಿ ಲಂಡನ್ನಿನಲ್ಲಿ ಅಂಗವಿಕಲರು ಟಿವಿ ಸ್ಟುಡಿಯೋ ಒಂದರ ಮುಂದೆ ದೊಡ್ಡ ಪ್ರತಿಭಟನೆ ಮಾಡಿದರು. ಒಳಗೆ ನಡೆಯುತ್ತಿದ್ದದ್ದು ಅವರ ಹೆಸರಲ್ಲೇ ದೇಣಿಗೆ ಎತ್ತುವ ಕಾರ್ಯಕ್ರಮ! ನಮ್ಮನ್ನು ಅಳು ಬರಿಸುವ ಬೊಂಬೆಗಳ ಹಾಗೆ ತೋರಿಸಬೇಡಿ, ನಮಗೆ ಬೇಕಾದದ್ದು ಹಕ್ಕು ಅಂತ ಅವರು ಕೂಗಿದರು. ನಿಮ್ಮ 'ಪಿಟಿ' ನಮಗೆ ಕಾಲ ಕಸ ಅನ್ನುವುದಕ್ಕಿಂತಲೂ ಖಾರವಾದ ಘೋಷಣೆ ಅವರ ಟೀ ಶರ್ಟುಗಳ ಮೇಲಿತ್ತು. ಆ ಕಾರ್ಯಕ್ರಮ ಮತ್ತೆ ನಡೆಯಲಿಲ್ಲ. ಅವರ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ. ಟಿವಿ ನೋಡಿ ಕಣ್ಣೀರು ಹಾಕಿ ದುಡ್ಡು ಕಳಿಸಿದವರೇ ಮರುದಿನ ಕೆಲಸ ಕೇಳಿ ಬಂದವರಿಗೆ ಬಾಗಿಲು ಮುಚ್ಚಿದರೆ, ಆ ಕಣ್ಣೀರಿಂದ ಏನು ಬಂತು?

ಹಾಗಂತ ಕನಿಕರವೇ ಬೇಡ ಅನ್ನುವವರ ಜೊತೆಗೂ ನಾನಿಲ್ಲ. ಜರ್ಮನ್ ತತ್ವಜ್ಞಾನಿ ನೀಷೆ ಅದನ್ನು ದೌರ್ಬಲ್ಯ ಅಂತ ಕಂಡ. ನನಗೆ ಹಾಗೆ ಕಾಣುವುದಿಲ್ಲ. ಎಲ್ಲೋ ಭೂಕಂಪವಾಗಿ, ಹೆಸರೂ ಗೊತ್ತಿಲ್ಲದ ಮಗುವಿನ ಮುಖ ಪೇಪರಲ್ಲಿ ಕಂಡಾಗ, ನಮ್ಮನ್ನು ಅಲ್ಲಾಡಿಸುವುದು ಇದೇ ಮರುಕ. ಅಷ್ಟು ದೂರದವರಿಗೆ ನಾವು ಕೊಡಲು ಶುರುಮಾಡುವುದೇ ಅಲ್ಲಿಂದ. ಅಲ್ಲಿ ದೂರ ನಿಜವಾಗಿಯೂ ಇದೆ, ದಾಟಲು ಬೇರೆ ದಾರಿ ಇಲ್ಲ. ನನ್ನ ತಕರಾರು ಇರುವುದು ಕೈಗೆಟುಕುವಷ್ಟು ಹತ್ತಿರ ಇರುವವರನ್ನೂ ಬಾಗಿಲಲ್ಲೇ ನಿಂತು ನೋಡುವುದರ ಬಗ್ಗೆ. ಅಲ್ಲಿ ಒಳಗೆ ಹೋಗಿ ಕೂತು, ಏನು ಬೇಕು ಅಂತ ಅವರನ್ನೇ ಕೇಳಬಹುದು. ಏನೂ ಬೇಡ ಅಂದರೆ ಅದನ್ನೂ ನಂಬಬಹುದು.