‘ಮಸ್ಟ್ ಹ್ಯಾವ್’ ಅಂದರೆ ‘ಮಾಡಬೇಕಾಯಿತು’ ಅಲ್ಲ: ಒಂದು ಸ್ಪಷ್ಟನೆ

ಹಾಸನದ ಎಸ್ಸೆಸ್ಸೆಲ್ಸಿ ಮಕ್ಕಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಇಂಗ್ಲಿಷ್ ವ್ಯಾಕರಣದ ಮೆಸೇಜ್ ಓಡಾಡುತ್ತಿದೆ. ‘ಕ್ಯಾನ್‌ಗೆ ಭೂತಕಾಲ ಕುಡ್, ಮಸ್ಟ್‌ಗೆ ಭೂತಕಾಲ ಮಸ್ಟ್ ಹ್ಯಾವ್, ಇಷ್ಟು ಕಲಿತರೆ ಸಾಕು’ ಅಂತ ಅದರಲ್ಲಿದೆ. ಮೊದಲನೆಯದು ಅರ್ಧ ಸರಿ. ಎರಡನೆಯದು ತಪ್ಪು.

ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗಿ ಮೊನ್ನೆ ರಜೆ ಅರ್ಜಿ ತೋರಿಸಿದಳು. ಅಜ್ಜಿಗೆ ಹುಷಾರಿರಲಿಲ್ಲ, ಸಕಲೇಶಪುರಕ್ಕೆ ಹೋಗಬೇಕಾಯಿತು ಅನ್ನೋದು ಅವಳ ಮನಸ್ಸಿನಲ್ಲಿತ್ತು. ಬರೆದಿದ್ದು ‘ಐ ಮಸ್ಟ್ ಹ್ಯಾವ್ ಗಾನ್ ಟು ಸಕಲೇಶಪುರ’. ಅದನ್ನು ಓದಿದವರಿಗೆ ‘ನಾನು ಸಕಲೇಶಪುರಕ್ಕೆ ಹೋಗಿರಬೇಕು’ ಅಂತ ಅರ್ಥವಾಗುತ್ತದೆ. ಹೋಗಿ ಬಂದವಳೇ ಊಹೆ ಮಾಡಿದ ಹಾಗೆ. ಬೇಕಿದ್ದದ್ದು ‘ಐ ಹ್ಯಾಡ್ ಟು ಗೋ’.

ಈ ವ್ಯತ್ಯಾಸ ನಮ್ಮ ಕನ್ನಡದಲ್ಲೇ ಎಷ್ಟು ಚೆನ್ನಾಗಿದೆ ಅಲ್ವಾ? ಹೋಗಬೇಕಾಯಿತು ಅಂದರೆ ಹ್ಯಾಡ್ ಟು ಗೋ. ಹೋಗಿರಬೇಕು ಅಂದರೆ ಮಸ್ಟ್ ಹ್ಯಾವ್ ಗಾನ್. ಹೋಗಬೇಕಿತ್ತು, ಆದರೆ ಹೋಗಲಿಲ್ಲ ಅನ್ನೋದಕ್ಕೆ ಶುಡ್ ಹ್ಯಾವ್ ಗಾನ್. ಮಕ್ಕಳೇ, ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ, ಆಮೇಲೆ ಬರೆಯಿರಿ.

ಇನ್ನು ಕುಡ್. ‘ಚಿಕ್ಕವಳಿದ್ದಾಗ ನನಗೆ ಈಜು ಬರುತ್ತಿತ್ತು’ ಅನ್ನೋದಕ್ಕೆ ಕುಡ್ ಸರಿ. ‘ನಿನ್ನೆ ಓಡಿಹೋಗಿ ಬೇಲೂರು ಬಸ್ ಹಿಡಿದೆ’ ಅನ್ನುವಂಥ, ಒಂದೇ ಸಲ ಮಾಡಿ ಮುಗಿಸಿದ ಕೆಲಸಕ್ಕೆ ಮಾತ್ರ ‘ವಾಸ್ ಏಬಲ್ ಟು’ ಅಥವಾ ‘ಮ್ಯಾನೇಜ್ಡ್ ಟು’ ಬೇಕು. ಬಸ್ ಹಿಡಿಯಲು ಆಗಲಿಲ್ಲ ಅಂದರೆ ‘ಕುಡಂಟ್’ ಧಾರಾಳವಾಗಿ ನಡೆಯುತ್ತದೆ.

ಆ ಮೆಸೇಜನ್ನು ಸುಮ್ನೆ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.