ಲಕ್ಷಕ್ಕೆ 69: ಈ ಸಂಖ್ಯೆ ಯಾರಿಗೆ ಹೇಳಿದ್ದು?

ಕರ್ನಾಟಕದ ತಾಯಂದಿರ ಮರಣ ಪ್ರಮಾಣ 69 ಎಂದು ತರಗತಿಯ ಹಲಗೆಯ ಮೇಲೆ ಬರೆದು, ಇದರ ಅರ್ಥವೇನೆಂದು ನನ್ನ ಪದವಿ ವಿದ್ಯಾರ್ಥಿಗಳನ್ನು ಕೇಳಿದೆ. ಸಂಖ್ಯಾಶಾಸ್ತ್ರವನ್ನೇ ಓದುತ್ತಿರುವ ಆ ಮಕ್ಕಳಲ್ಲಿ ಕೆಲವರು ಅದನ್ನು ಶೇಕಡಾವಾರು ಎಂದುಕೊಂಡರು. ಒಬ್ಬಳು, "ವರ್ಷಕ್ಕೆ ಅರವತ್ತೊಂಬತ್ತೇ ಜನಾನಾ ಸರ್, ಹಾಗಾದರೆ ಪರವಾಗಿಲ್ಲ ಅಲ್ವಾ?" ಎಂದಳು. ಎಸ್‌ಆರ್‌ಎಸ್ ಎಂದು ಕರೆಯುವ, ಆಯ್ದ ಊರು ಬಡಾವಣೆಗಳಲ್ಲಿ ಜನನ ಮರಣಗಳನ್ನು ಎಣಿಸುವ ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯು 2018–20ರ ಅವಧಿಗೆ ಪ್ರಕಟಿಸಿದ ಈ ಸಂಖ್ಯೆ ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ತೀರಿಕೊಂಡರು ಎಂಬುದನ್ನು ಹೇಳುತ್ತದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಮಕ್ಕಳು ಹುಟ್ಟುತ್ತವೆ. ಎಂದರೆ, ಬಸಿರು ಬಾಣಂತನದ ಕಾರಣಕ್ಕೆ ವರ್ಷಕ್ಕೆ ಏಳುನೂರರ ಆಸುಪಾಸಿನಲ್ಲಿ ಹೆಣ್ಣುಮಕ್ಕಳು ಸಾಯುತ್ತಿದ್ದರು. ಇಷ್ಟು ಹೇಳಿದ ಮೇಲೆ ತರಗತಿ ಸುಮ್ಮನಾಯಿತು.

ಆ ಹುಡುಗಿಯ ತಪ್ಪು ಅವಳದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಜನರ ಆರೋಗ್ಯದ ಲೆಕ್ಕ ಹಳ್ಳಿಯಲ್ಲಿ ಹುಟ್ಟಿ, ತಾಲ್ಲೂಕು, ಜಿಲ್ಲೆಗಳನ್ನು ಹಾದು ಬೆಂಗಳೂರು, ದೆಹಲಿಗಳಿಗೆ ಹೋಗುತ್ತದೆ. ಹೋದದ್ದು ಹಳ್ಳಿಗೆ ತಿರುಗಿ ಬರುವುದಿಲ್ಲ. ಬಂದರೂ ಮೇಲಿನವರ ಭಾಷೆಯಲ್ಲಿ, ಮೇಲಿನವರಿಗೆ ಬೇಕಾದ ಸರಾಸರಿಯಾಗಿ ಬರುತ್ತದೆ. 2016–18ರಲ್ಲಿ ಇದೇ ಪ್ರಮಾಣ 92 ಇತ್ತು. ಅದು 69ಕ್ಕೆ ಇಳಿಯಿತೆಂದರೆ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ತಾಯಂದಿರು ಉಳಿದುಕೊಂಡರು ಎಂದರ್ಥ. ಹೀಗೆ ಹೇಳಿದ್ದರೆ ಆಶಾ ಕಾರ್ಯಕರ್ತೆಗೂ ತನ್ನ ಓಡಾಟದ ಫಲ ಕಾಣುತ್ತಿತ್ತು, ಸರ್ಕಾರಕ್ಕೂ ಒಳ್ಳೆಯ ಹೆಸರು ಬರುತ್ತಿತ್ತು. ಅದೇ ಪ್ರಕಟಣೆಯಲ್ಲಿ ಕೇರಳದ್ದು 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದ್ದು 54. ನೆರೆಯ ತಮಿಳುನಾಡಿನ ಮಟ್ಟವನ್ನು ಮುಟ್ಟಿದ್ದರೂ ನಮ್ಮಲ್ಲಿ ವರ್ಷಕ್ಕೆ ಇನ್ನೂ ನೂರೈವತ್ತು ಜೀವಗಳು ಉಳಿಯುತ್ತಿದ್ದವು.

ಇದು ರಾಜ್ಯದ ಸರಾಸರಿ. ಸರಾಸರಿಯೊಳಗೆ ಬೆಂಗಳೂರೂ ಇದೆ, ಯಾದಗಿರಿಯೂ ಇದೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ನ್ನು ದಾಟಿದ್ದಾಗ ಯಾದಗಿರಿಯದು ಶೇ 52ನ್ನೂ ಮುಟ್ಟಿರಲಿಲ್ಲ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಐದು ವರ್ಷದೊಳಗಿನ ಮಕ್ಕಳು 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಶೇ 36ರಷ್ಟು; ಯಾದಗಿರಿಯಲ್ಲಿ ಅರ್ಧಕ್ಕಿಂತಲೂ ಹೆಚ್ಚು. ಗಮನಿಸಬೇಕಾದ ಸಂಗತಿಯೆಂದರೆ, ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಗೆ. ಅದಕ್ಕೂ ಮೊದಲು ಅಲ್ಲಿನ ಮಕ್ಕಳು ಗುಲ್ಬರ್ಗದ ಸರಾಸರಿಯೊಳಗೆ ಕರಗಿಹೋಗಿದ್ದರು. ಅವರ ಹಸಿವು ಹೊಸದಲ್ಲ; ಅದಕ್ಕೊಂದು ಪ್ರತ್ಯೇಕ ಸಾಲು ಸಿಕ್ಕಿದ್ದಷ್ಟೇ ಹೊಸದು. ಇದೇ ರೀತಿ ಚಾಮರಾಜನಗರ ಜಿಲ್ಲೆಯ ಸರಾಸರಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡುಗಳ, ಎಂದರೆ ಹಾಡಿಗಳ, ಆರೋಗ್ಯವನ್ನು ಹುಡುಕಿದರೆ ಸಿಗುವುದಿಲ್ಲ.

ಹಾಗಿದ್ದರೆ ತಾಲ್ಲೂಕುವಾರು ಲೆಕ್ಕ ಕೊಟ್ಟರಾಯಿತಲ್ಲ ಎಂದು ಕೇಳಬಹುದು. ಕೊಡಲೇಬೇಕೆಂಬುದು ನನ್ನ ವಾದವೂ ಹೌದು, ಆದರೆ ಅಲ್ಲೊಂದು ತೊಡಕಿದೆ. ವರ್ಷಕ್ಕೆ ನಾಲ್ಕು ಸಾವಿರ ಹೆರಿಗೆಗಳಾಗುವ ಒಂದು ತಾಲ್ಲೂಕನ್ನು ಊಹಿಸಿಕೊಳ್ಳಿ. ರಾಜ್ಯದ ಪ್ರಮಾಣವೇ ಅಲ್ಲಿಗೂ ಅನ್ವಯಿಸಿದರೆ ವರ್ಷಕ್ಕೆ ಮೂರರ ಹತ್ತಿರ ತಾಯಂದಿರ ಸಾವುಗಳಾಗಬೇಕು. ಕೇವಲ ಆಕಸ್ಮಿಕವಾಗಿ ಒಂದು ವರ್ಷ ಒಂದು, ಮರುವರ್ಷ ಐದು ಸಾವು ಸಂಭವಿಸಬಹುದು. ಆಗ "ತಾಲ್ಲೂಕಿನಲ್ಲಿ ತಾಯಂದಿರ ಸಾವು ಐದು ಪಟ್ಟು ಹೆಚ್ಚಳ" ಎಂಬ ತಲೆಬರಹ ಬರುತ್ತದೆ, ತಾಲ್ಲೂಕು ಆರೋಗ್ಯಾಧಿಕಾರಿಗೆ ನೋಟಿಸ್ ಹೋಗುತ್ತದೆ, ಅದರ ಮುಂದಿನ ವರ್ಷ ಸಾವುಗಳು ವರದಿಯಾಗುವುದೇ ಕಡಿಮೆಯಾಗುತ್ತದೆ. ಎಸ್‌ಆರ್‌ಎಸ್ ಇಡೀ ರಾಜ್ಯಕ್ಕೇ ಮೂರು ವರ್ಷಗಳನ್ನು ಒಟ್ಟುಗೂಡಿಸಿ ಲೆಕ್ಕ ಕೊಡುವುದು ಸುಮ್ಮನೆ ಅಲ್ಲ. ತಾಲ್ಲೂಕಿಗಾದರೆ ಐದಾರು ವರ್ಷಗಳನ್ನು ಕೂಡಿಸಿ, ಜೊತೆಗೆ "ಇದು ಇಷ್ಟರಿಂದ ಇಷ್ಟರವರೆಗೆ ಇರಬಹುದು" ಎಂದೂ ಹೇಳಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದಂತೆ ಜಿಲ್ಲೆಗಳಿಗೆ ಮೊದಲ ಸ್ಥಾನ, ಕೊನೆಯ ಸ್ಥಾನ ಹಂಚುವ ಅಭ್ಯಾಸವನ್ನು ಆರೋಗ್ಯದ ಅಂಕಿಗಳಿಗೂ ಅಂಟಿಸಿಕೊಂಡವರಿಗೆ ಈ ಮಾತು ರುಚಿಸಲಾರದು.

ಎಣಿಕೆಯಲ್ಲೇ ಜಾರಿಹೋಗುವವರ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಗಂಡನ ಊರಿನಲ್ಲಿ ತಾಯಿ ಕಾರ್ಡ್ ಮಾಡಿಸಿದ ಹೆಣ್ಣುಮಗಳು ಏಳನೆಯ ತಿಂಗಳಿಗೆ ತವರಿಗೆ ಹೋಗುತ್ತಾಳೆ, ಅಲ್ಲಿ ತೊಂದರೆಯಾದರೆ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿಂದ ಇನ್ನೂ ದೊಡ್ಡ ಊರಿಗೆ. ಅವಳು ತೀರಿಕೊಂಡರೆ ಆ ಸಾವು ಯಾವ ಊರಿನ ಲೆಕ್ಕಕ್ಕೆ ಸೇರಬೇಕು? ಸತ್ತ ಊರಿಗೇ ಬರೆದರೆ ದೊಡ್ಡಾಸ್ಪತ್ರೆಯಿರುವ ಜಿಲ್ಲೆ ಕೆಟ್ಟದಾಗಿಯೂ, ಆಸ್ಪತ್ರೆಯೇ ಇಲ್ಲದ ತಾಲ್ಲೂಕು ಆರೋಗ್ಯವಂತವಾಗಿಯೂ ಕಾಣುತ್ತವೆ. ಗುಳೆ ಹೋಗುವವರ ಕತೆ ಇನ್ನೂ ಬೇರೆ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬಂದು ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಬದುಕುವ ಕುಟುಂಬದ ಕೂಸು ಊರಿನ ಅಂಗನವಾಡಿಯ ಪಟ್ಟಿಯಲ್ಲಿ "ಊರಲ್ಲಿಲ್ಲ" ಎಂದಾಗುತ್ತದೆ, ಬೆಂಗಳೂರಿನ ಪಟ್ಟಿಗೆ ಸೇರುವುದೂ ಅಪರೂಪ. ಹೀಗೆ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರೇ ಎಲ್ಲರಿಗಿಂತ ಮೊದಲು ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ನಮಗೂ ಮುಂದಿರುವ ರಾಜ್ಯಗಳಿಗೂ ನಡುವಿನ ಅಂತರ ಕಡಿಮೆಯಾಗಿದೆಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿದೆ ಎಂದು ನಂಬಿದವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುವವು 2010ರಲ್ಲಿ ಕರ್ನಾಟಕದಲ್ಲಿ 38, ಕೇರಳದಲ್ಲಿ 13. 2020ರಲ್ಲಿ ಕರ್ನಾಟಕದಲ್ಲಿ 19, ಕೇರಳದಲ್ಲಿ 6. ಕಳೆದು ನೋಡಿದರೆ ಅಂತರ 25ರಿಂದ 13ಕ್ಕೆ ಇಳಿದಿದೆ, ಎಂದರೆ ಹತ್ತಿರಹತ್ತಿರ ಅರ್ಧವಾಗಿದೆ. ಭಾಗಿಸಿ ನೋಡಿದರೆ 2010ರಲ್ಲಿ ಕೇರಳದ 2.9 ಪಟ್ಟು ಇದ್ದದ್ದು 2020ರಲ್ಲಿ 3.2 ಪಟ್ಟಾಗಿತ್ತು. ಆಡಳಿತದಲ್ಲಿರುವವರು ಕಳೆಯುತ್ತಾರೆ, ವಿರೋಧದಲ್ಲಿರುವವರು ಭಾಗಿಸುತ್ತಾರೆ. ಇಬ್ಬರ ಗಣಿತವೂ ಸರಿಯೇ. ಎರಡನ್ನೂ ಒಟ್ಟಿಗೆ ಹೇಳದವರು ಮಾತ್ರ ಓದುಗರಿಗೆ ಅರ್ಧ ಸತ್ಯ ಕೊಡುತ್ತಿದ್ದಾರೆ.

ಅಳೆಯುವ ಕ್ರಮ ಬದಲಾದರೂ ಸಂಖ್ಯೆ ಬದಲಾಗುತ್ತದೆ. 2019–20ರಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಲ್ಲಿ ಪರೀಕ್ಷಿಸಿದ್ದು ಬೆರಳು ಚುಚ್ಚಿ ತೆಗೆದ ಹನಿ ರಕ್ತವನ್ನು. ಅದಕ್ಕೂ ಮೊದಲು, 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯು ರಕ್ತನಾಳದಿಂದ ರಕ್ತ ತೆಗೆದು ಪರೀಕ್ಷಿಸಿದಾಗ ದೇಶದ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಕಂಡದ್ದು ಶೇ 41ರ ಹತ್ತಿರ. ಬೆರಳ ಹನಿಯ ಲೆಕ್ಕ ದೇಶದ ಮಟ್ಟದಲ್ಲಿ ಆ ಹೊತ್ತಿಗೇ ಶೇ 58ನ್ನು ದಾಟಿತ್ತು. ಈ ವ್ಯತ್ಯಾಸ ಕಂಡೊಡನೆ "ರಕ್ತಹೀನತೆಯೇ ಸುಳ್ಳು" ಎಂದವರೂ ಇದ್ದಾರೆ. ಹತ್ತರಲ್ಲಿ ನಾಲ್ಕು ಮಕ್ಕಳು ರಕ್ತ ಕಡಿಮೆಯಾಗಿ ಸೊರಗುವುದು ಅವರಿಗೆ ಸಣ್ಣ ವಿಷಯವಾಗಿ ಕಂಡಿದ್ದು ಹೇಗೋ ನನಗೆ ತಿಳಿಯದು.

ಹೇಳುವ ರೀತಿಯಿಂದಲೇ ಅಂಕಿಗೆ ಬಲ ಬಂದ ಒಂದು ನಿದರ್ಶನ ನಮ್ಮಲ್ಲೇ ಇದೆ. 2002ರಲ್ಲಿ, ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚ್ಯಂಕಗಳನ್ನು ಕೂಡಿಸಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿತು. ಆ ಲೆಕ್ಕದ ವಿಧಾನದ ಬಗ್ಗೆ ತಕರಾರುಗಳಿರಬಹುದು. ಆದರೆ ತಮ್ಮ ತಾಲ್ಲೂಕಿನ ಹೆಸರು ಪಟ್ಟಿಯಲ್ಲಿದೆ ಎಂಬುದು ಊರಿನ ಜನರಿಗೆ ಗೊತ್ತಾಯಿತು. ಇಪ್ಪತ್ತು ವರ್ಷ ಕಳೆದರೂ ಅದನ್ನು ಹಿಡಿದುಕೊಂಡು ಶಾಸಕರನ್ನು ಕೇಳುವವರಿದ್ದಾರೆ. ತಾಯಂದಿರ ಸಾವಿನ ವಿಷಯದಲ್ಲಿ ಅಂಥ ಪಟ್ಟಿಯೊಂದನ್ನು ಹಿಡಿದು ಗ್ರಾಮಸಭೆಯಲ್ಲಿ ಎದ್ದು ನಿಂತವರನ್ನು ನಾನು ಕಂಡಿಲ್ಲ.

ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ಪಟ್ಟಿಯಿದೆ. ಗರ್ಭಿಣಿಯರ ನೋಂದಣಿ, ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ಎಂಬ ಸಾಲುಗಳ ಎದುರು "ಗುರಿ" ಮತ್ತು "ಸಾಧನೆ" ಎಂಬ ಎರಡು ಅಂಕಣಗಳು. ಅದರ ಕೆಳಗೆ ಒಂದೂವರೆ ಗೇಣಿನಷ್ಟು ಜಾಗ ಖಾಲಿ ಉಳಿದಿದೆ. ಕಳೆದ ಐದು ವರ್ಷಗಳಲ್ಲಿ ಈ ಕೇಂದ್ರದ ಹಳ್ಳಿಗಳಿಗೆ ಸೇರಿದ ಎಷ್ಟು ಬಾಣಂತಿಯರು, ಎಷ್ಟು ಶಿಶುಗಳು ತೀರಿಕೊಂಡರು, ಎಲ್ಲಿಗೆ ಸಾಗಿಸುವಾಗ ತೀರಿಕೊಂಡರು ಎಂಬುದನ್ನು ಹೆಸರಿಲ್ಲದೆ ಬರೆಯಲು ಅಷ್ಟು ಜಾಗ ಧಾರಾಳ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಲಿಖಿತವಾಗಿ ಕೇಳಬೇಕೆಂದಿದ್ದೇನೆ.